ಆಫ್ ಆದ ಟ್ರಾನ್ಸಿಸ್ಟರಿನಲ್ಲೂ ಹರಿಯುವ ಸಿಗ್ನಲ್

(ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನೊಳಗೇ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯವನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಒಂದು ಕಡೆ ಸಿಗ್ನಲ್ ಹುಟ್ಟುತ್ತಿದೆ, ಇನ್ನೊಂದು ಕಡೆ ಅದನ್ನು ಬಳಸಿಕೊಳ್ಳುವ ಎರಡು ಲೋಡುಗಳಿವೆ. ಒಮ್ಮೆ ಸಿಗ್ನಲ್ ಈ ಲೋಡಿಗೆ ಹೋಗಬೇಕು, ಇನ್ನೊಮ್ಮೆ ಆ ಲೋಡಿಗೆ. ಕೈಯಿಂದ ತಿರುಗಿಸುವ ಸ್ವಿಚ್ ಬೇಡ, ಟಕ್ಕೆನ್ನುವ ರಿಲೇಯೂ ಬೇಡ, ಟ್ರಾನ್ಸಿಸ್ಟರಿನಿಂದಲೇ ಆಗಬೇಕು. ಫ್ರೀಕ್ವೆನ್ಸಿ ಮಾತ್ರ 10 ಮೆಗಾಹರ್ಟ್ಸ್, 100 ಮೆಗಾಹರ್ಟ್ಸ್, 1 ಗಿಗಾಹರ್ಟ್ಸ್, ಈ ಮಟ್ಟದ್ದು.

ಎಲ್‌ಇಡಿ ಉರಿಸುವುದಕ್ಕೆ, ಮೋಟಾರ್ ತಿರುಗಿಸುವುದಕ್ಕೆ ನಾವೆಲ್ಲ ಟ್ರಾನ್ಸಿಸ್ಟರನ್ನು ಸ್ವಿಚ್ಚಾಗಿ ಬಳಸಿದವರೇ. ಬೇಸಿಗೆ ಒಂದಿಷ್ಟು ಕರೆಂಟ್ ಕೊಟ್ಟರೆ ಆನ್, ನಿಲ್ಲಿಸಿದರೆ ಆಫ್. ಅದೇ ಟ್ರಾನ್ಸಿಸ್ಟರನ್ನು 100 ಮೆಗಾಹರ್ಟ್ಸ್ ಸಿಗ್ನಲ್ಲಿನ ದಾರಿಯಲ್ಲಿ ಕೂರಿಸಿದರೆ ಬೇರೆಯೇ ಕಥೆ ಶುರುವಾಗುತ್ತದೆ. ಆನ್ ಮಾಡಿದಾಗ ಸಿಗ್ನಲ್ ಬರುತ್ತದೆ, ಆಫ್ ಮಾಡಿದಾಗಲೂ ಬರುತ್ತದೆ. ಸ್ವಲ್ಪ ಕಡಿಮೆ ಬರುತ್ತದೆ, ಅಷ್ಟೆ. ಟ್ರಾನ್ಸಿಸ್ಟರ್ ಕೆಟ್ಟಿರಬೇಕೆಂದು ಹೊಸದನ್ನು ಬೆಸುಗೆ ಹಾಕಿದರೆ ಅದೂ ಹಾಗೇ ಮಾಡುತ್ತದೆ. ಕೆಟ್ಟಿರುವುದು ಟ್ರಾನ್ಸಿಸ್ಟರ್ ಅಲ್ಲ, 'ಆಫ್' ಎಂದರೆ ಏನೆಂದು ನಾವು ಅಂದುಕೊಂಡಿದ್ದೇವೋ ಅದು.

ಆಫ್ ಆದ ಟ್ರಾನ್ಸಿಸ್ಟರ್ ಅಂದರೆ ಒಂದು ಪುಟ್ಟ ಕೆಪಾಸಿಟರ್. ಒಳಗೆ ಎರಡು ವಾಹಕ ಪದರಗಳು, ನಡುವೆ ಕರೆಂಟ್ ಹರಿಸದ ಒಂದು ಪಟ್ಟಿ. ಕೆಪಾಸಿಟರ್ ಅನ್ನುವುದೂ ಇದನ್ನೇ ಅಲ್ಲವೆ? ಡಿಸಿಗೆ ಅದು ಗೋಡೆ. ಫ್ರೀಕ್ವೆನ್ಸಿ ಏರಿದ ಹಾಗೆಲ್ಲ ಆ ಗೋಡೆ ತೆಳ್ಳಗಾಗುತ್ತ ಹೋಗುತ್ತದೆ. ಫ್ರೀಕ್ವೆನ್ಸಿ ಹತ್ತು ಪಟ್ಟಾದರೆ ಕೆಪಾಸಿಟರ್ ಒಡ್ಡುವ ತಡೆ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಎಲ್ಲರ ಡಬ್ಬಿಯಲ್ಲೂ ಇರುವ 2ಎನ್3904 ತೆಗೆದುಕೊಳ್ಳಿ. ಅದರ ಡೇಟಾಶೀಟಿನಲ್ಲಿ ಕಲೆಕ್ಟರ್-ಬೇಸ್ ಕೆಪಾಸಿಟೆನ್ಸ್ ಗರಿಷ್ಠ 4 ಪಿಕೊಫ್ಯಾರಡ್ ಎಂದು ಕೊಟ್ಟಿರುತ್ತಾರೆ. ಕಾಲುಗಳು, ಬೋರ್ಡಿನ ತಾಮ್ರ ಎಲ್ಲ ಸೇರಿ ನಮ್ಮ ಸ್ವಿಚ್ಚಿನ ಎರಡು ತುದಿಗಳ ನಡುವೆಯೂ ಸುಮಾರು ಅಷ್ಟೇ, 4 ಪಿಕೊಫ್ಯಾರಡ್, ಎಂದಿಟ್ಟುಕೊಳ್ಳೋಣ. 10 ಮೆಗಾಹರ್ಟ್ಸ್‌ನಲ್ಲಿ ಅದರ ತಡೆ ಸುಮಾರು 4,000 ಓಂ. 100 ಮೆಗಾಹರ್ಟ್ಸ್‌ನಲ್ಲಿ 400 ಓಂ. 1 ಗಿಗಾಹರ್ಟ್ಸ್‌ನಲ್ಲಿ ಬರೀ 40 ಓಂ. ಎರಡೂ ಲೋಡುಗಳು 50 ಓಂನವು ಎಂದುಕೊಂಡರೆ, ಆಫ್ ಆದ ಕಡೆಗೆ ಸೋರುವ ವೋಲ್ಟೇಜ್ 10 ಮೆಗಾಹರ್ಟ್ಸ್‌ನಲ್ಲಿ ಆನ್ ಇರುವ ಕಡೆಯದರ 80ನೇ ಒಂದು ಪಾಲು, ಅಂದರೆ 38 ಡೆಸಿಬೆಲ್ ಕೆಳಗೆ (ಡೆಸಿಬೆಲ್ ಎಂದರೆ ಎರಡು ಸಿಗ್ನಲ್ಲುಗಳ ಅನುಪಾತ ಹೇಳುವ ಅಳತೆ; ವೋಲ್ಟೇಜ್ ಹತ್ತನೇ ಒಂದು ಪಾಲಾದರೆ 20 ಡೆಸಿಬೆಲ್ ಇಳಿದಂತೆ). ಎಷ್ಟೋ ಕೆಲಸಗಳಿಗೆ ಇಷ್ಟೇ ಸಾಕು. 100 ಮೆಗಾಹರ್ಟ್ಸ್‌ಗೆ ಬಂದರೆ 8ನೇ ಒಂದು ಪಾಲು, 18 ಡೆಸಿಬೆಲ್. 1 ಗಿಗಾಹರ್ಟ್ಸ್‌ಗೆ ಬಂದರೆ ವ್ಯತ್ಯಾಸ ಬರೀ 2 ಡೆಸಿಬೆಲ್. ಅಲ್ಲಿ ಆನ್ ಯಾವುದು, ಆಫ್ ಯಾವುದು ಎಂದು ಲೋಡಿಗೆ ಗೊತ್ತೇ ಆಗುವುದಿಲ್ಲ. ಎರಡೂ ಕಡೆಯವರು ಸಿಗ್ನಲನ್ನು ಹಂಚಿಕೊಂಡು ಕೂರುತ್ತಾರೆ.

ಹಾಗಾದರೆ ದೊಡ್ಡದಾದ, ಗಟ್ಟಿಯಾದ ಮೋಸ್‌ಫೆಟ್ ಹಾಕಿದರಾಯಿತು ಎಂದು ಅನ್ನಿಸುವುದು ಸಹಜ. ಗೇಟ್ ಎಂಬ ಕಾಲಿಗೆ ಕೊಟ್ಟ ವೋಲ್ಟೇಜಿನಿಂದ ಡ್ರೇನ್, ಸೋರ್ಸ್ ಎಂಬ ಇನ್ನೆರಡು ಕಾಲುಗಳ ನಡುವಿನ ಕರೆಂಟನ್ನು ಹಿಡಿದಿಡುವ ಟ್ರಾನ್ಸಿಸ್ಟರ್ ಅದು. ಆನ್ ಆದಾಗ ಐಆರ್‌ಎಫ್540ಎನ್ ಎಂಬ ಮೋಸ್‌ಫೆಟ್ ಕೊಡುವ ತಡೆ 44 ಮಿಲಿಓಂ ಮಾತ್ರ, ಇದಕ್ಕಿಂತ ಒಳ್ಳೆಯ ಸ್ವಿಚ್ ಬೇಕೆ? ಆದರೆ ಅದೇ ಡೇಟಾಶೀಟಿನ ಇನ್ನೊಂದು ಸಾಲು ಓದಿ. ಡ್ರೇನಿನ ಮೇಲೆ 25 ವೋಲ್ಟ್ ಇದ್ದಾಗ ಅದರ ಔಟ್‌ಪುಟ್ ಕೆಪಾಸಿಟೆನ್ಸ್ ಸುಮಾರು 250 ಪಿಕೊಫ್ಯಾರಡ್. ವೋಲ್ಟೇಜ್ ಇಳಿದರೆ ಅದು ಇನ್ನೂ ಏರುತ್ತದೆ. 10 ಮೆಗಾಹರ್ಟ್ಸ್‌ನಲ್ಲಿ 250 ಪಿಕೊಫ್ಯಾರಡ್ ಅಂದರೆ 64 ಓಂ. ಆಫ್ ಮಾಡಿಟ್ಟ ಲೋಡಿಗೂ ಅರ್ಧಕ್ಕಿಂತ ಹೆಚ್ಚು ವೋಲ್ಟೇಜ್ ತಲುಪಿಬಿಡುತ್ತದೆ. ಸಣ್ಣ ಟ್ರಾನ್ಸಿಸ್ಟರ್ 1 ಗಿಗಾಹರ್ಟ್ಸ್‌ನಲ್ಲಿ ಸೋತರೆ ಈ ದೊಡ್ಡದು 10 ಮೆಗಾಹರ್ಟ್ಸ್‌ನಲ್ಲೇ ಸೋತಿತು.

ಟ್ರಾನ್ಸಿಸ್ಟರನ್ನು ಎರಡು ಪಟ್ಟು ಅಗಲ ಮಾಡಿದರೆ ಆನ್ ತಡೆ ಅರ್ಧವಾಗುತ್ತದೆ, ಆಫ್ ಕೆಪಾಸಿಟೆನ್ಸ್ ಎರಡು ಪಟ್ಟಾಗುತ್ತದೆ. ಎರಡನ್ನೂ ಗುಣಿಸಿದರೆ ಸಿಗುವ ಸಂಖ್ಯೆ ಬದಲಾಗುವುದೇ ಇಲ್ಲ. ಆರ್‌ಎಫ್ (ರೇಡಿಯೋ ಫ್ರೀಕ್ವೆನ್ಸಿ) ಸ್ವಿಚ್ ಮಾಡುವವರು ಒಂದು ತಂತ್ರಜ್ಞಾನವನ್ನು ಅಳೆಯುವುದು ಈ ಗುಣಲಬ್ಧದಿಂದಲೇ. ಓಂ ಅನ್ನು ಫ್ಯಾರಡ್‌ನಿಂದ ಗುಣಿಸಿದರೆ ಬರುವುದು ಸೆಕೆಂಡು, ಆದ್ದರಿಂದ ಇದನ್ನು ಫೆಮ್ಟೊಸೆಕೆಂಡ್‌ಗಳಲ್ಲಿ ಹೇಳುತ್ತಾರೆ. ಈಗಷ್ಟೇ ನೋಡಿದ ಪವರ್ ಮೋಸ್‌ಫೆಟ್‌ನದು ಸುಮಾರು 11,000 ಫೆಮ್ಟೊಸೆಕೆಂಡ್. ಇವತ್ತಿನ ಫೋನುಗಳ ಆಂಟೆನಾ ಸ್ವಿಚ್ಚುಗಳಲ್ಲಿ ಬಳಸುವ ಸಿಲಿಕಾನ್ ಆನ್ ಇನ್ಸುಲೇಟರ್ ಟ್ರಾನ್ಸಿಸ್ಟರುಗಳದು 100ರ ಆಸುಪಾಸು. ನೂರು ಪಟ್ಟು ಅಂತರ. ಸಿಲಿಕಾನಿನ ತೆಳು ಪದರವನ್ನು ಅವಾಹಕದ ಮೇಲೆ ಕೂರಿಸಿದಾಗ, ಟ್ರಾನ್ಸಿಸ್ಟರಿನ ಕೆಳಗೆ ಸಿಗ್ನಲ್ ಸೋರಿಹೋಗಲು ಇದ್ದ ದಾರಿ ಬಹುಪಾಲು ಮುಚ್ಚಿಹೋಗುತ್ತದೆ. ಅಂತರದ ಒಂದು ದೊಡ್ಡ ಪಾಲು ಅಲ್ಲಿಂದ ಬಂದದ್ದು.

ಇನ್ನೊಂದು ತೊಡಕನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಎಲ್‌ಇಡಿಯ ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ. ನಮ್ಮ ಸಿಗ್ನಲ್ ಎರಡೂ ದಿಕ್ಕಿಗೆ ಓಡಾಡುತ್ತದೆ. ಬಿಡಿಯಾಗಿ ಸಿಗುವ ಮೋಸ್‌ಫೆಟ್‌ನಲ್ಲಿ ಸೋರ್ಸಿನಿಂದ ಡ್ರೇನಿಗೆ ಒಂದು ಡಯೋಡ್ ಹುಟ್ಟಿನಿಂದಲೇ ಇರುತ್ತದೆ. ಗೇಟ್ ಆಫ್ ಇದ್ದರೂ ಸಿಗ್ನಲ್ಲಿನ ಒಂದು ಅರ್ಧಭಾಗ 0.6 ವೋಲ್ಟ್ ದಾಟಿದರೆ ಆ ಡಯೋಡಿನ ಮೂಲಕ ಹಾದುಹೋಗುತ್ತದೆ. ಪರಿಹಾರ ಹಳೆಯದು: ಎರಡು ಮೋಸ್‌ಫೆಟ್‌ಗಳ ಸೋರ್ಸ್‌ಗಳನ್ನು ಒಂದಕ್ಕೊಂದು ಕಟ್ಟಿ, ಡ್ರೇನುಗಳನ್ನು ಹೊರತುದಿಗಳಾಗಿ ಬಳಸುವುದು. ಡಯೋಡುಗಳು ಎದುರುಬದುರಾಗುವುದರಿಂದ ಯಾವ ದಿಕ್ಕಿನಲ್ಲೂ ದಾರಿ ಸಿಗುವುದಿಲ್ಲ. ಕೆಪಾಸಿಟೆನ್ಸ್ ಕೂಡ ಸರಣಿಯಲ್ಲಿ ಬಂದು ಅರ್ಧವಾಗುತ್ತದೆ, ಆನ್ ತಡೆ ಎರಡು ಪಟ್ಟಾಗುತ್ತದೆ. ಜೆಫೆಟ್‌ಗೆ, ಗ್ಯಾಲಿಯಂ ಆರ್ಸೆನೈಡ್ ಫೆಟ್‌ಗೆ (ಇವೂ ಗೇಟಿನಿಂದ ನಡೆಯುವ ಟ್ರಾನ್ಸಿಸ್ಟರುಗಳೇ) ಈ ಡಯೋಡಿನ ಕಾಟವಿಲ್ಲ. ಅವುಗಳ ಎರಡು ತುದಿಗಳು ಹೆಚ್ಚುಕಡಿಮೆ ಒಂದೇ ಸಮ. ಗೇಟಿಗೆ ಸೊನ್ನೆ ವೋಲ್ಟ್ ಕೊಟ್ಟರೆ ಆನ್, ನೆಗೆಟಿವ್ ಕೊಟ್ಟರೆ ಆಫ್ ಎಂಬ ಅವುಗಳ ತಲೆಕೆಳಗಾದ ಅಭ್ಯಾಸಕ್ಕೆ ಮಾತ್ರ ಹೊಂದಿಕೊಳ್ಳಬೇಕು.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ಈ ಫ್ರೀಕ್ವೆನ್ಸಿಗಳಲ್ಲಿ ಸಿಗ್ನಲನ್ನು ಪೂರ್ತಿ ತಡೆದು ನಿಲ್ಲಿಸಲು ಹೋಗಬೇಡಿ. ಸೋರುವುದು ಸೋರಿಯೇ ಸೋರುತ್ತದೆ. ಸೋರಿದ್ದು ಎಲ್ಲಿಗೆ ಹೋಗಬೇಕು ಎಂದು ನೀವು ತೀರ್ಮಾನಿಸಿ. ಕಾಲುವೆಯ ತೂಬು ಮುಚ್ಚಿದ ಮೇಲೂ ಸಂದಿಯಲ್ಲಿ ನೀರು ಜಿನುಗುತ್ತದೆ. ಅನುಭವವಿರುವ ರೈತ ತೂಬಿಗೆ ಬಟ್ಟೆ ತುರುಕುತ್ತ ಕೂರುವುದಿಲ್ಲ, ತೂಬಿನ ಹಿಂದೆಯೇ ಒಂದು ಬಸಿಗಾಲುವೆ ತೆಗೆದು ಜಿನುಗಿದ್ದನ್ನು ಹಳ್ಳಕ್ಕೆ ಬಿಡುತ್ತಾನೆ. ಗದ್ದೆ ಒಣಗಿಯೇ ಇರುತ್ತದೆ.

ಸರ್ಕ್ಯೂಟಿನಲ್ಲಿ ಆ ಬಸಿಗಾಲುವೆಯೇ ಎರಡನೆಯ ಟ್ರಾನ್ಸಿಸ್ಟರ್. ಪ್ರತಿ ಲೋಡಿನ ದಾರಿಯಲ್ಲಿ ಸರಣಿಯಾಗಿ ಒಂದು, ಅದರ ಆಚೆ ಲೋಡಿನ ಬದಿಯಿಂದ ಗ್ರೌಂಡಿಗೆ ಇನ್ನೊಂದು. ಲೋಡು ಆನ್ ಆಗಬೇಕಾದರೆ ಸರಣಿಯದು ಆನ್, ಗ್ರೌಂಡಿನದು ಆಫ್. ಲೋಡು ಆಫ್ ಆಗಬೇಕಾದರೆ ಉಲ್ಟಾ. ಎರಡು ಲೋಡಿಗೆ ಒಟ್ಟು ನಾಲ್ಕು ಟ್ರಾನ್ಸಿಸ್ಟರ್, ಅವುಗಳನ್ನು ನಡೆಸಲು ಒಂದಕ್ಕೊಂದು ವಿರುದ್ಧವಾದ ಎರಡೇ ಕಂಟ್ರೋಲ್ ತಂತಿಗಳು.

ಲಾಭ ಎಷ್ಟು ನೋಡಿ. ಅದೇ 4 ಪಿಕೊಫ್ಯಾರಡ್, ಅದೇ 100 ಮೆಗಾಹರ್ಟ್ಸ್. ಗ್ರೌಂಡಿಗೆ ಕಟ್ಟಿದ ಟ್ರಾನ್ಸಿಸ್ಟರಿನ ಆನ್ ತಡೆ 5 ಓಂ ಎಂದುಕೊಳ್ಳಿ. 400 ಓಂ ದಾಟಿ ಸೋರಿ ಬಂದ ಕರೆಂಟಿಗೆ ಈಗ ಎದುರಾಗುವುದು 50 ಓಂ ಅಲ್ಲ, 50 ಮತ್ತು 5 ಸಮಾಂತರವಾಗಿ, ಅಂದರೆ ಸುಮಾರು 4.5 ಓಂ. 8ನೇ ಒಂದು ಪಾಲು ಇದ್ದ ಸೋರಿಕೆ 88ನೇ ಒಂದು ಪಾಲಾಯಿತು. 18 ಡೆಸಿಬೆಲ್ ಇದ್ದದ್ದು 39 ಆಯಿತು. ಮೊದಲ ಟ್ರಾನ್ಸಿಸ್ಟರನ್ನು ಮುಟ್ಟಲೂ ಇಲ್ಲ. ಇದಕ್ಕಿಂತ ಅಗ್ಗದಲ್ಲಿ 20 ಡೆಸಿಬೆಲ್ ಗಳಿಸುವ ದಾರಿ ನನಗೆ ತಿಳಿದ ಮಟ್ಟಿಗೆ ಎಲೆಕ್ಟ್ರಾನಿಕ್ಸಿನಲ್ಲಿ ತೀರ ಕಡಿಮೆ. ಇನ್ನೂ ಬೇಕಾದರೆ ಆಚೆ ಕಡೆ ಮತ್ತೊಂದು ಸರಣಿ ಟ್ರಾನ್ಸಿಸ್ಟರ್ ಸೇರಿಸಿ 'ಟಿ' ಆಕಾರ ಮಾಡಬಹುದು.

ಆದರೆ ಬಸಿಗಾಲುವೆ ನಿಜಕ್ಕೂ ಹಳ್ಳದವರೆಗೆ ಹೋಗಬೇಕು. ಇಲ್ಲಿ ಸ್ವಲ್ಪ ಹತ್ತಿರ ಬಂದು ನೋಡಿ. ಈ ಬೋರ್ಡಿನ ಮೇಲೆ ಮೂರು ಕಾಲಿನ ಪ್ಲಾಸ್ಟಿಕ್ ಟ್ರಾನ್ಸಿಸ್ಟರನ್ನು ನಿಲ್ಲಿಸಿದ್ದೇನೆ. ಕಾಲುಗಳನ್ನು ಕತ್ತರಿಸಿಲ್ಲ. ಬೋರ್ಡಿನಿಂದ ಅದರ ಹೊಟ್ಟೆಯವರೆಗೆ ಒಂದು ಸೆಂಟಿಮೀಟರ್ ತಂತಿ ಕಾಣುತ್ತಿದೆ. ತಂತಿಯ ಪ್ರತಿ ಮಿಲಿಮೀಟರಿಗೆ ಸುಮಾರು 1 ನ್ಯಾನೊಹೆನ್ರಿ ಇಂಡಕ್ಟೆನ್ಸ್ ಎಂದು ಅಂದಾಜು ಹಿಡಿಯುವುದು ರೂಢಿ. ಕೆಪಾಸಿಟರಿಗೆ ವಿರುದ್ಧವಾಗಿ, ಇಂಡಕ್ಟೆನ್ಸಿನ ತಡೆ ಫ್ರೀಕ್ವೆನ್ಸಿಯ ಜೊತೆ ಏರುತ್ತದೆ. ಹಾಗಾಗಿ ಇದು 10 ನ್ಯಾನೊಹೆನ್ರಿ. 100 ಮೆಗಾಹರ್ಟ್ಸ್‌ನಲ್ಲಿ ಅದು 6.3 ಓಂ. ಟ್ರಾನ್ಸಿಸ್ಟರಿನ 5 ಓಂಗಿಂತ ಅದರ ಕಾಲಿನ ತಡೆಯೇ ಹೆಚ್ಚಾಯಿತು! 39 ಡೆಸಿಬೆಲ್ ಎಂದು ಲೆಕ್ಕ ಹಾಕಿದ್ದು ಸುಮಾರು 35ಕ್ಕೆ ಇಳಿಯಿತು. 1 ಗಿಗಾಹರ್ಟ್ಸ್‌ನಲ್ಲಿ ಅದೇ ಕಾಲು 63 ಓಂ. ಅಲ್ಲಿ ಗ್ರೌಂಡಿನ ಟ್ರಾನ್ಸಿಸ್ಟರ್ ಇದ್ದೂ ಇಲ್ಲದಂತೆ. ಇದೇ ಕಾರಣಕ್ಕೆ ಈ ಕೆಲಸಕ್ಕೆ ಬೋರ್ಡಿಗೆ ಅಂಟಿಕೊಂಡು ಕೂರುವ ಸರ್ಫೇಸ್ ಮೌಂಟ್ ಬಿಡಿಭಾಗಗಳೇ ಬೇಕು, ಸೋರ್ಸಿನ ಪ್ಯಾಡಿನ ಪಕ್ಕದಲ್ಲೇ ಗ್ರೌಂಡ್ ಪದರಕ್ಕೆ ತೂತುಗಳು ಬೇಕು. ಒಂದಲ್ಲ, ಎರಡು ಮೂರು. ಬ್ರೆಡ್‌ಬೋರ್ಡಿನ ಮೇಲೆ ಇದನ್ನು ಮಾಡಲು ಹೋಗಬೇಡಿ ಎಂದು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಪಕ್ಕಪಕ್ಕದ ಎರಡು ಸಾಲುಗಳ ನಡುವೆಯೇ ಒಂದೆರಡು ಪಿಕೊಫ್ಯಾರಡ್ ಇರುತ್ತದೆ.

ಗ್ರೌಂಡಿನ ಟ್ರಾನ್ಸಿಸ್ಟರನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಬಹುದೇ? ಆಗುವುದಿಲ್ಲ. ಆನ್ ಇರುವ ದಾರಿಯಲ್ಲಿ ಅದು ಆಫ್ ಆಗಿ, ಕೆಪಾಸಿಟರಾಗಿ, ಲೋಡಿನ ಪಕ್ಕದಲ್ಲೇ ಕೂತಿರುತ್ತದೆ. 4 ಪಿಕೊಫ್ಯಾರಡ್ 100 ಮೆಗಾಹರ್ಟ್ಸ್‌ನಲ್ಲಿ ಏನೂ ಮಾಡದು. 1 ಗಿಗಾಹರ್ಟ್ಸ್‌ನಲ್ಲಿ 1.4 ಡೆಸಿಬೆಲ್ ನುಂಗಿಹಾಕುತ್ತದೆ.

ಇನ್ನು ಗೇಟಿನ ವಿಷಯ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಒಳ್ಳೆಯ ಸ್ವಿಚ್ಚಿಗೂ ಕೆಟ್ಟ ಸ್ವಿಚ್ಚಿಗೂ ಇರುವ ವ್ಯತ್ಯಾಸ ಎಷ್ಟೋ ಸಲ ಒಂದೇ ಒಂದು ರೆಸಿಸ್ಟರ್.

ಡಿಜಿಟಲ್ ಕೆಲಸದಲ್ಲಿ ಗೇಟನ್ನು ಬಲವಾಗಿ, ಬೇಗ ಎಳೆಯಬೇಕೆಂದು ಕಲಿಸುತ್ತಾರೆ. ಡ್ರೈವರ್ ಐಸಿ ಹಾಕಿ, ಗೇಟಿನ ರೆಸಿಸ್ಟರ್ ಕೆಲವೇ ಓಂ ಇರಲಿ ಎನ್ನುತ್ತಾರೆ. ಆರ್‌ಎಫ್ ದಾರಿಯಲ್ಲಿ ಇದು ಪೂರ್ತಿ ತಿರುವುಮುರುವು. ಗೇಟಿಗೂ ಚಾನೆಲ್ಲಿಗೂ (ಸೋರ್ಸ್, ಡ್ರೇನ್ ನಡುವೆ ಕರೆಂಟ್ ಹರಿಯುವ ದಾರಿ) ನಡುವೆ ಕೆಪಾಸಿಟೆನ್ಸ್ ಇದೆ. ಗೇಟನ್ನು ಡ್ರೈವರ್ ಬಿಗಿಯಾಗಿ ಹಿಡಿದಿದ್ದರೆ, ಆ ಕೆಪಾಸಿಟೆನ್ಸ್ ನೇರವಾಗಿ ಸಿಗ್ನಲ್ ತಂತಿಯಿಂದ ಗ್ರೌಂಡಿಗೆ ಕಟ್ಟಿದ ಹಾಗೆ. ಅದು 50 ಪಿಕೊಫ್ಯಾರಡ್ ಇದ್ದರೆ 100 ಮೆಗಾಹರ್ಟ್ಸ್‌ನಲ್ಲಿ 32 ಓಂ ಆಗುತ್ತದೆ, ಆನ್ ಇರುವ ದಾರಿಯಲ್ಲೇ 2 ಡೆಸಿಬೆಲ್ ಕಳೆದುಹೋಗುತ್ತದೆ. ಸ್ವಿಚ್ ಆನ್ ಆಗಿದೆ, ಡಿಸಿ ಮೀಟರ್ ಕೂಡ 5 ಓಂ ಎಂದೇ ತೋರಿಸುತ್ತದೆ, ಆದರೂ ಸಿಗ್ನಲ್ ಸೊರಗಿರುತ್ತದೆ.

ಎರಡನೆಯ ಹಾನಿ ಇನ್ನೂ ಸೂಕ್ಷ್ಮ. ಗೇಟು 5 ವೋಲ್ಟಿನಲ್ಲಿ ಅಲುಗಾಡದೆ ನಿಂತಿದೆ, ಸೋರ್ಸು ಸಿಗ್ನಲ್ಲಿನ ಜೊತೆ ಮೇಲೆ 3 ವೋಲ್ಟ್, ಕೆಳಗೆ 3 ವೋಲ್ಟ್ ತೂಗಾಡುತ್ತಿದೆ ಎಂದುಕೊಳ್ಳಿ. ಗೇಟಿಗೂ ಸೋರ್ಸಿಗೂ ನಡುವಿನ ವೋಲ್ಟೇಜ್ ಪ್ರತಿ ಸುತ್ತಿನಲ್ಲೂ 2ರಿಂದ 8ರವರೆಗೆ ಓಲಾಡುತ್ತದೆ. ಆನ್ ತಡೆಯೂ ಅದರ ಜೊತೆ ಓಲಾಡುತ್ತದೆ. ತಡೆ ಸಿಗ್ನಲ್ಲಿನ ಜೊತೆಗೇ ಬದಲಾದರೆ ಅಲೆಯ ಆಕಾರ ಕೆಡುತ್ತದೆ, ಎರಡು ಪಟ್ಟು, ಮೂರು ಪಟ್ಟು ಫ್ರೀಕ್ವೆನ್ಸಿಯ ಹಾರ್ಮೋನಿಕ್‌ಗಳು ಹುಟ್ಟುತ್ತವೆ.

ಈಗ ಗೇಟಿನ ದಾರಿಯಲ್ಲಿ 10 ಕಿಲೊಓಂನಿಂದ 100 ಕಿಲೊಓಂವರೆಗಿನ ಒಂದು ರೆಸಿಸ್ಟರ್ ಇಡಿ. ಡಿಸಿ ಮಟ್ಟಿಗೆ ಗೇಟಿಗೆ ಅದೇ ವೋಲ್ಟೇಜ್ ಸಿಗುತ್ತದೆ, ಏಕೆಂದರೆ ಗೇಟ್ ಕರೆಂಟ್ ಎಳೆಯುವುದಿಲ್ಲ. ಆರ್‌ಎಫ್ ಮಟ್ಟಿಗೆ ಗೇಟ್ ಈಗ ಸ್ವತಂತ್ರ. ಸೋರ್ಸ್ ಮೇಲೇರಿದರೆ ಗೇಟೂ ಅದರ ಜೊತೆ ಏರುತ್ತದೆ, ಇಳಿದರೆ ಇಳಿಯುತ್ತದೆ. ನಡುವಿನ ವೋಲ್ಟೇಜ್ ಕದಲುವುದಿಲ್ಲ. ಕೆಪಾಸಿಟೆನ್ಸ್ ಮಾಯವಾಗಿಲ್ಲ, ಅಲ್ಲೇ ಇದೆ. ಅದರ ಇನ್ನೊಂದು ತುದಿಗೆ ಗ್ರೌಂಡ್ ಸಿಗದೆ ಅದರ ಕೈ ಕಟ್ಟಿಹೋಗಿದೆ. ಈ ಪುಟ್ಟ ರೆಸಿಸ್ಟರಿನ ಕೆಲಸ ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಬೆಲೆಯೇ ಇಲ್ಲದ ಒಂದು ಬಿಡಿಭಾಗ ಎರಡು ತೊಂದರೆಗಳನ್ನು ಒಟ್ಟಿಗೆ ಪರಿಹರಿಸುತ್ತದೆ.

ಇದಕ್ಕೆ ತೆರುವ ಬೆಲೆ ಸಮಯ. 10 ಕಿಲೊಓಂ, 50 ಪಿಕೊಫ್ಯಾರಡ್ ಸೇರಿದರೆ ಅರ್ಧ ಮೈಕ್ರೋಸೆಕೆಂಡ್. 100 ಕಿಲೊಓಂ ಆದರೆ 5 ಮೈಕ್ರೋಸೆಕೆಂಡ್. ಸ್ವಿಚ್ ಪೂರ್ತಿ ತಿರುಗಲು ಅದರ ಕೆಲವು ಪಟ್ಟು ಹೊತ್ತು ಬೇಕು. ಹಲವು ಮಿಲಿಸೆಕೆಂಡ್ ತೆಗೆದುಕೊಳ್ಳುವ ರಿಲೇಯ ಮುಂದೆ ಇದು ಕಣ್ಣು ಮಿಟುಕಿಸುವಷ್ಟೂ ಅಲ್ಲ. ಆದರೆ ನ್ಯಾನೊಸೆಕೆಂಡುಗಳಲ್ಲಿ ತಿರುಗಬೇಕು ಎನ್ನುವವರಿಗೆ ಇದು ನಿಧಾನ. ಅವರು ಗೇಟಿನ ಅಂಚು ತೀಕ್ಷ್ಣ ಮಾಡಿದಷ್ಟೂ ಅದೇ ಕೆಪಾಸಿಟೆನ್ಸ್ ಮೂಲಕ ಕಂಟ್ರೋಲ್ ಪಲ್ಸ್ ಸಿಗ್ನಲ್ ದಾರಿಗೆ ನುಗ್ಗುತ್ತದೆ, ಲೋಡಿನ ಮೇಲೆ ಒಂದು ಮುಳ್ಳು ಎದ್ದು ನಿಲ್ಲುತ್ತದೆ. ವೇಗ, ಶುದ್ಧಿ ಎರಡೂ ಒಟ್ಟಿಗೆ ದಕ್ಕುವುದಿಲ್ಲ.

ಆಫ್ ಇದ್ದಾಗ ತೇಲುವ ಗೇಟ್ ಇನ್ನೊಂದು ಮಿತಿ ಹಾಕುತ್ತದೆ. ಡ್ರೇನ್ ಕಡೆಯ ಕೆಪಾಸಿಟೆನ್ಸ್, ಸೋರ್ಸ್ ಕಡೆಯ ಕೆಪಾಸಿಟೆನ್ಸ್ ಹೆಚ್ಚುಕಡಿಮೆ ಸಮ ಇರುವುದರಿಂದ, ಟ್ರಾನ್ಸಿಸ್ಟರಿನ ಮೇಲೆ ಬಿದ್ದ ಆರ್‌ಎಫ್ ವೋಲ್ಟೇಜಿನ ಅರ್ಧ ಗೇಟಿನ ಪಾಲಿಗೆ ಬರುತ್ತದೆ. ಸಿಗ್ನಲ್ ದೊಡ್ಡದಾದರೆ ಆ ಅರ್ಧವೇ ಸಾಕು, ಆಫ್ ಇರಬೇಕಾದ ಟ್ರಾನ್ಸಿಸ್ಟರ್ ಪ್ರತಿ ಸುತ್ತಿನಲ್ಲೂ ಒಂದು ಗಳಿಗೆ ತಾನಾಗಿ ಆನ್ ಆಗಿಬಿಡುತ್ತದೆ. ಒಂದು ಉದಾಹರಣೆ. 900 ಮೆಗಾಹರ್ಟ್ಸ್‌ನ ಜಿಎಸ್‌ಎಂ ಫೋನ್ ಗರಿಷ್ಠ 2 ವಾಟ್ ಹೊರಹಾಕುತ್ತದೆ. 50 ಓಂ ಮೇಲೆ ಅದು 14 ವೋಲ್ಟ್ ತುದಿ ಮುಟ್ಟುತ್ತದೆ. ಆಂಟೆನಾದ ಮೇಲೆ ಕೈ ಮುಚ್ಚಿದಿರಿ, ಸಿಗ್ನಲ್ ವಾಪಸ್ಸು ಬಂತು; ಕೆಟ್ಟ ಸ್ಥಿತಿಯಲ್ಲಿ ಅದು 28 ವೋಲ್ಟ್. ಒಂದು ಟ್ರಾನ್ಸಿಸ್ಟರ್ ಆಫ್ ಸ್ಥಿತಿಯಲ್ಲಿ 4 ವೋಲ್ಟ್ ಮಾತ್ರ ತಡೆದುಕೊಳ್ಳಬಲ್ಲದು ಎಂದರೆ ಏಳನ್ನು ಸರಣಿಯಾಗಿ ಕಟ್ಟಬೇಕು, ಪ್ರತಿಯೊಂದರ ಗೇಟಿಗೂ ಬೇರೆ ಬೇರೆ ರೆಸಿಸ್ಟರ್ ಇಟ್ಟು. ಏಳನ್ನು ಸಾಲಾಗಿ ಕಟ್ಟಿದರೆ ಆನ್ ತಡೆ ಏಳು ಪಟ್ಟಾಗುತ್ತದೆ, ಆದ್ದರಿಂದ ಪ್ರತಿಯೊಂದನ್ನೂ ಏಳು ಪಟ್ಟು ಅಗಲ ಮಾಡಬೇಕು. ಫೋನಿನೊಳಗಿನ ಸ್ವಿಚ್ ಚಿಪ್‌ಗಳಲ್ಲಿ ಹೀಗೆ ಸಾಲುಗಟ್ಟಿದ ಟ್ರಾನ್ಸಿಸ್ಟರುಗಳೇ ಇರುತ್ತವೆ.

ಅಷ್ಟು ಕಷ್ಟ ಏಕೆ ಪಡುತ್ತಾರೆ ಎಂದರೆ, ಅಲ್ಲಿ ಹಾರ್ಮೋನಿಕ್‌ಗಳ ನಿಯಮ ಬಹಳ ಬಿಗಿ. 1 ಗಿಗಾಹರ್ಟ್ಸ್‌ಗಿಂತ ಮೇಲೆ ಫೋನಿನಿಂದ ಹೊರಬರುವ ಬೇಡದ ಸಿಗ್ನಲ್ 1 ಮೈಕ್ರೋವಾಟ್ ದಾಟುವಂತಿಲ್ಲ. 2 ವಾಟ್ ಎಲ್ಲಿ, 1 ಮೈಕ್ರೋವಾಟ್ ಎಲ್ಲಿ! ಇಪ್ಪತ್ತು ಲಕ್ಷದಲ್ಲಿ ಒಂದು ಪಾಲು. 1,800 ಮೆಗಾಹರ್ಟ್ಸ್‌ನಲ್ಲಿ ಬೀಳುವ ಎರಡನೆಯ ಹಾರ್ಮೋನಿಕ್ ಇಷ್ಟರೊಳಗೆ ಇರಬೇಕಾದರೆ, ಆಫ್ ಇರುವ ಟ್ರಾನ್ಸಿಸ್ಟರ್ ಸುತ್ತಿನಲ್ಲಿ ಒಂದು ಗಳಿಗೆಯೂ ಕಣ್ಣು ತೆರೆಯಬಾರದು.

ಪವರ್ ಇನ್ನೂ ಏರಿದರೆ? 100 ವಾಟ್ ಅಂದರೆ 100 ವೋಲ್ಟ್ ತುದಿ, 1 ಕಿಲೊವಾಟ್ ಅಂದರೆ 316 ವೋಲ್ಟ್. ಇಲ್ಲಿ ಬಹುಪಾಲು ಜನ ಟ್ರಾನ್ಸಿಸ್ಟರನ್ನು ಸಿಗ್ನಲ್ ದಾರಿಯಿಂದ ಎತ್ತಿ, ಅದರ ಜಾಗದಲ್ಲಿ ಪಿನ್ ಡಯೋಡ್ (ಪಿ, ಎನ್ ಪದರಗಳ ನಡುವೆ ಶುದ್ಧ ಸಿಲಿಕಾನಿನ ಪದರವಿರುವ ಡಯೋಡ್) ಇಡುತ್ತಾರೆ, ಆ ಡಯೋಡಿಗೆ ಡಿಸಿ ಕೊಡುವ ಕೆಲಸವನ್ನು ಟ್ರಾನ್ಸಿಸ್ಟರಿಗೆ ಒಪ್ಪಿಸುತ್ತಾರೆ. ಅದು ಒಳ್ಳೆಯ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ಪಿನ್ ಡಯೋಡಿನ ನಡುಪದರದಲ್ಲಿ ಡಿಸಿ ಕರೆಂಟ್ ಚಾರ್ಜ್ ಕೂಡಿಟ್ಟಿರುತ್ತದೆ. 10 ಮಿಲಿಆಂಪಿಯರ್ ಹರಿಸಿದರೆ, ಚಾರ್ಜಿನ ಆಯುಸ್ಸು 1 ಮೈಕ್ರೋಸೆಕೆಂಡ್ ಇದ್ದರೆ, ಒಳಗಿರುವುದು 10 ನ್ಯಾನೊಕೂಲಂಬ್. 100 ಮೆಗಾಹರ್ಟ್ಸ್‌ನ 1 ಆಂಪಿಯರ್ ಸಿಗ್ನಲ್ ತನ್ನ ಅರ್ಧ ಸುತ್ತಿನಲ್ಲಿ ಎಳೆದುಕೊಳ್ಳಬಲ್ಲದ್ದು ಬರೀ 3.2 ನ್ಯಾನೊಕೂಲಂಬ್. ಗೋದಾಮು ಖಾಲಿಯಾಗುವ ಮೊದಲೇ ದಿಕ್ಕು ಬದಲಾಗಿಬಿಡುತ್ತದೆ. ಹೀಗಾಗಿ 10 ಮಿಲಿಆಂಪಿಯರ್ ಡಿಸಿ 1 ಆಂಪಿಯರ್ ಆರ್‌ಎಫ್ ಅನ್ನು ನಿಶ್ಚಿಂತೆಯಾಗಿ ದಾಟಿಸುತ್ತದೆ. 1 ಮೆಗಾಹರ್ಟ್ಸ್‌ನಲ್ಲಿ ಇದೇ ಡಯೋಡ್ ಕೈಕೊಡುತ್ತದೆ, ಅಲ್ಲಿ ಅರ್ಧ ಸುತ್ತು ನೂರು ಪಟ್ಟು ಉದ್ದ. ಹವ್ಯಾಸಿ ರೇಡಿಯೋದವರು 1ಎನ್4007 ರೆಕ್ಟಿಫೈಯರನ್ನು ಶಾರ್ಟ್‌ವೇವ್‌ನಲ್ಲಿ ಸ್ವಿಚ್ಚಾಗಿ ಬಳಸುವುದು ಇದೇ ಗುಣವನ್ನು ನಂಬಿ. 1,000 ವೋಲ್ಟ್ ತಡೆಯಬೇಕಾದ ಆ ಡಯೋಡಿನೊಳಗೂ ಅಂಥದೇ ನಡುಪದರವಿದೆ.

ಎಂಆರ್‌ಐ ಯಂತ್ರದಲ್ಲೂ ಇದೇ ಜೋಡಿ. 1.5 ಟೆಸ್ಲಾ ಯಂತ್ರ ಸುಮಾರು 64 ಮೆಗಾಹರ್ಟ್ಸ್‌ನಲ್ಲಿ ಕಿಲೊವಾಟ್‌ಗಟ್ಟಲೆ ಪಲ್ಸ್ ಕಳಿಸುತ್ತದೆ, ಕೂಡಲೇ ತಿರುಗಿ ದೇಹದಿಂದ ಬರುವ ಅತಿ ಕ್ಷೀಣ ಸಿಗ್ನಲನ್ನು ಕೇಳಿಸಿಕೊಳ್ಳಬೇಕು. ಆ ಅಯಸ್ಕಾಂತದೊಳಗೆ ಕಬ್ಬಿಣದ ರಿಲೇ ಕೆಲಸ ಮಾಡುವುದಿಲ್ಲ. ಪಿನ್ ಡಯೋಡೇ ಗತಿ.

ತಿರುಗಿಸುವ ಕ್ಷಣದ ಬಗ್ಗೆ ಎರಡು ಮಾತು. ಮೊದಲ ಲೋಡು ಬಿಟ್ಟಾಯಿತು, ಎರಡನೆಯದು ಇನ್ನೂ ಸೇರಿಲ್ಲ. ಆ ನಡುವಿನ ಹೊತ್ತಿನಲ್ಲಿ ಆಂಪ್ಲಿಫೈಯರಿಗೆ ಲೋಡೇ ಇಲ್ಲ. ಹೋದದ್ದೆಲ್ಲ ವಾಪಸ್ಸು ಬಂದು ವೋಲ್ಟೇಜ್ ಎರಡು ಪಟ್ಟಾಗುತ್ತದೆ. ಪವರ್ ಇರುವ ಕಡೆ ಕ್ರಮ ಹೀಗಿರಲಿ: ಮೊದಲು ಸಿಗ್ನಲ್ ಇಳಿಸಿ, ಆಮೇಲೆ ಸ್ವಿಚ್ ತಿರುಗಿಸಿ, ಅದು ನೆಲೆ ನಿಂತ ಮೇಲೆ ಸಿಗ್ನಲ್ ಏರಿಸಿ. ಹಾಗೆಯೇ, ಗ್ರೌಂಡಿಗೆ ಎಳೆದ ಆಫ್ ಲೋಡಿನ ಕಡೆಯಿಂದ ನೋಡಿದರೆ ಎದುರಿಗೆ ಕಾಣುವುದು ಶಾರ್ಟ್ ಸರ್ಕ್ಯೂಟ್. ಆ ಕಡೆ ಇರುವುದು ಉದ್ದದ ಕೇಬಲ್ಲೋ ಇನ್ನೊಂದು ಆಂಪ್ಲಿಫೈಯರೋ ಆಗಿದ್ದರೆ ಅದಕ್ಕೆ ಇದು ಇಷ್ಟವಾಗದೆ ಹೋಗಬಹುದು. ಆಗ ಗ್ರೌಂಡಿನ ಟ್ರಾನ್ಸಿಸ್ಟರಿನ ಜೊತೆ ಸರಣಿಯಲ್ಲಿ ಸುಮಾರು 50 ಓಂ ಇಡುತ್ತಾರೆ. ಸೋರಿಕೆ ತಡೆಯುವ ಶಕ್ತಿ ಸ್ವಲ್ಪ ಕುಗ್ಗುತ್ತದೆ, ಅದನ್ನು ಸರಣಿ ಟ್ರಾನ್ಸಿಸ್ಟರುಗಳಿಂದ ತುಂಬಿಕೊಳ್ಳಬೇಕು.

ಕೆಲವೊಮ್ಮೆ ಸಿಗ್ನಲನ್ನು ತಿರುಗಿಸಲೇಬೇಕಿಲ್ಲ. ಪ್ರತಿ ಲೋಡಿಗೂ ಅದರದೇ ಒಂದು ಚಿಕ್ಕ ಆಂಪ್ಲಿಫೈಯರ್ ಇಟ್ಟು, ಬೇಕಾದದ್ದಕ್ಕೆ ಮಾತ್ರ ಬಯಸ್, ಅಂದರೆ ಕೆಲಸ ಮಾಡಲು ಬೇಕಾದ ಡಿಸಿ, ಕೊಡಬಹುದು. ಅಥವಾ ಎರಡು ಟ್ರಾನ್ಸಿಸ್ಟರುಗಳ ಎಮಿಟರುಗಳನ್ನು ಒಟ್ಟಿಗೆ ಕಟ್ಟಿ, ಸಿಗ್ನಲನ್ನು ಕರೆಂಟಾಗಿ ಅಲ್ಲಿಗೆ ಸುರಿದು, ಬೇಸ್‌ಗಳ ನಡುವೆ ಒಂದಿಷ್ಟು ವೋಲ್ಟೇಜ್ ವ್ಯತ್ಯಾಸ ಕೊಟ್ಟರೆ ಕರೆಂಟ್ ಪೂರ್ತಿ ಒಂದು ಕಡೆಗೆ ವಾಲುತ್ತದೆ. ಎಷ್ಟು ವ್ಯತ್ಯಾಸ? 120 ಮಿಲಿವೋಲ್ಟ್ ಸಾಕು, ಶೇಕಡಾ 99 ಕರೆಂಟ್ ಅತ್ತ ಹೋಗುತ್ತದೆ. ಯಾವ ಟ್ರಾನ್ಸಿಸ್ಟರೂ ಪೂರ್ತಿ ಆನ್ ಆಗಿ ಒಳಗೆ ಚಾರ್ಜ್ ತುಂಬಿಕೊಳ್ಳುವ ಸ್ಯಾಚುರೇಶನ್‌ಗೆ ಇಳಿಯದೇ ಇರುವುದರಿಂದ ಇದು ಬಹಳ ಚುರುಕು. ಎಂಜಿನಿಯರ್ ಬ್ಯಾರಿ ಗಿಲ್ಬರ್ಟ್ 1968ರಲ್ಲಿ ಪ್ರಕಟಿಸಿದ, ಇವತ್ತಿಗೂ ರೇಡಿಯೋ ಚಿಪ್‌ಗಳಲ್ಲಿ ಮಿಕ್ಸರ್ (ಸಿಗ್ನಲ್ಲಿನ ಫ್ರೀಕ್ವೆನ್ಸಿ ಬದಲಿಸುವ ಭಾಗ) ಆಗಿ ಕಾಣುವ ಸರ್ಕ್ಯೂಟಿನ ಹೃದಯ ಇದೇ ಜೋಡಿ. ಸಣ್ಣ ಸಿಗ್ನಲ್ಲಿಗೆ ಇದು ನನಗೆ ಅಚ್ಚುಮೆಚ್ಚು. ಆದರೆ ಸಿಗ್ನಲ್ ಒಂದೇ ದಿಕ್ಕಿಗೆ ಹೋಗುತ್ತದೆ, ಆಂಪ್ಲಿಫೈಯರಿನ ಗದ್ದಲವೂ ಜೊತೆಗೆ ಸೇರುತ್ತದೆ. ಕಳಿಸುವುದು, ಕೇಳುವುದು ಎರಡೂ ಒಂದೇ ದಾರಿಯಲ್ಲಿ ಆಗಬೇಕಾದ ಆಂಟೆನಾಗೆ ಇದು ಒಗ್ಗುವುದಿಲ್ಲ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ವಿದ್ಯಾರ್ಥಿ ಕೇಳಿದರು: "ನನ್ನದು 1 ಮೆಗಾಹರ್ಟ್ಸ್ ಮಾತ್ರ. ಎಂಟು ಲೋಡುಗಳಿವೆ. ಒಂದೊಂದರ ಕೆಳಗೆ ಗ್ರೌಂಡಿಗೆ ಒಂದೊಂದು 2ಎನ್7000 ಮೋಸ್‌ಫೆಟ್ ಹಾಕಿದರೆ ಸಾಲದೆ?"

ಎರಡು ವಿಷಯ ನೋಡಿಕೊಳ್ಳಿ. ಒಂದು, ನಿಮ್ಮ ಸಿಗ್ನಲ್ ಸೊನ್ನೆಯ ಮೇಲೂ ಕೆಳಗೂ ಹೋಗುತ್ತದೆಯೇ? ಹೋಗುವುದಾದರೆ ಒಳಗಿನ ಡಯೋಡ್ ನೆಗೆಟಿವ್ ಭಾಗವನ್ನು ಹಾದುಹೋಗಲು ಬಿಡುತ್ತದೆ, ಎದುರುಬದುರು ಜೋಡಿಯೇ ಬೇಕು. ಎರಡು, ನಿಮ್ಮ ಲೋಡು ಎಷ್ಟು ಓಂ? 2ಎನ್7000ದ ಔಟ್‌ಪುಟ್ ಕೆಪಾಸಿಟೆನ್ಸ್ ಗರಿಷ್ಠ 25 ಪಿಕೊಫ್ಯಾರಡ್, 1 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 6,400 ಓಂ. ಲೋಡು 50 ಓಂ ಇದ್ದರೆ ನಿಶ್ಚಿಂತೆಯಾಗಿರಿ. ಲೋಡು 10 ಕಿಲೊಓಂ ಇದ್ದರೆ ನಿಮ್ಮ ಸ್ವಿಚ್ ಆಫ್ ಆಗುವುದೇ ಇಲ್ಲ. ಫ್ರೀಕ್ವೆನ್ಸಿ ಎಷ್ಟೆಂದು ಹೇಳಿದರೆ ಅರ್ಧ ಪ್ರಶ್ನೆ ಕೇಳಿದ ಹಾಗೆ. ಲೋಡು ಎಷ್ಟೆಂದೂ ಹೇಳಬೇಕು.

ಇನ್ನೊಬ್ಬರ ಪ್ರಶ್ನೆ: "ದುಬಾರಿ ಅನಲೈಸರ್ ಇಲ್ಲದೆ ಸೋರಿಕೆಯನ್ನು ಅಳೆಯುವುದು ಹೇಗೆ?"

ಸಿಗ್ನಲ್ ಜನರೇಟರ್, ಒಂದು ಆಸಿಲೋಸ್ಕೋಪ್ ಇದ್ದರೆ ಆರಂಭಕ್ಕೆ ಸಾಕು. ಎರಡೂ ಕಡೆ ನಿಜವಾದ 50 ಓಂ ಲೋಡು ಕಟ್ಟಿ. ಒಂದನ್ನು ಖಾಲಿ ಬಿಟ್ಟರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಪ್ರೋಬಿನ ಉದ್ದನೆಯ ಗ್ರೌಂಡ್ ಕ್ಲಿಪ್ ತೆಗೆದು, ತುದಿಯ ಪಕ್ಕದಲ್ಲೇ ಗ್ರೌಂಡಿಗೆ ಮುಟ್ಟಿಸಿ. ಆನ್ ಇದ್ದಾಗ ಎಷ್ಟು, ಆಫ್ ಇದ್ದಾಗ ಎಷ್ಟು ಬರೆದುಕೊಳ್ಳಿ. ಆಮೇಲೆ ಆಫ್ ಇರುವ ದಾರಿಯ ಸರಣಿ ಟ್ರಾನ್ಸಿಸ್ಟರನ್ನು ಬೋರ್ಡಿನಿಂದ ಕಿತ್ತು, ಆ ಜಾಗ ಖಾಲಿ ಬಿಟ್ಟು ಮತ್ತೊಮ್ಮೆ ಅಳೆಯಿರಿ. ಸೋರಿಕೆ ಹೆಚ್ಚುಕಡಿಮೆ ಅಷ್ಟೇ ಉಳಿದಿದ್ದರೆ ಅದು ಟ್ರಾನ್ಸಿಸ್ಟರಿನೊಳಗಿಂದ ಬರುತ್ತಿಲ್ಲ, ಬೋರ್ಡಿನ ಮೇಲೆ ಒಂದು ದಾರಿಯಿಂದ ಇನ್ನೊಂದಕ್ಕೆ ನೇರವಾಗಿ ಹಾರುತ್ತಿದೆ. ಆಗ ಇನ್ನೊಂದು ಟ್ರಾನ್ಸಿಸ್ಟರ್ ತರಿಸಬೇಡಿ. ಎರಡು ತಾಮ್ರದ ಪಟ್ಟಿಗಳನ್ನು ದೂರ ಸರಿಸಿ, ನಡುವೆ ಗ್ರೌಂಡ್ ತುಂಬಿ, ಅದರುದ್ದಕ್ಕೂ ಕೆಳಗಿನ ಪದರಕ್ಕೆ ತೂತುಗಳನ್ನು ಹೊಲಿಯಿರಿ.